ಆರೋಗ್ಯ ಸಂಶೋಧನೆ: ರೋಗಿಯನ್ನು ಕೇಳುವವರು ಯಾರು?

ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟವರಿಗೆ ಕುಣಿಗಲ್ ಬರುವುದು ಬೆಳಗಿನ ಜಾವ, ನಿದ್ದೆಯ ಮಂಪರಿನಲ್ಲಿ. ಆ ಬಸ್ಸಿನಲ್ಲಿ ಕೆಲವರ ಮಡಿಲಲ್ಲಿ ಎಕ್ಸ್‌ರೇ ತುಂಬಿದ ದೊಡ್ಡ ಲಕೋಟೆ, ಹಳೆಯ ಔಷಧ ಚೀಟಿಗಳ ಕಟ್ಟು ಇರುತ್ತದೆ. ಕುಣಿಗಲ್‌ನಲ್ಲಿ ಬಸ್ ಹತ್ತುವವರ ಕೈಯಲ್ಲೂ ಅದೇ ಲಕೋಟೆ. ಗುಬ್ಬಿಯ ನಿಲ್ದಾಣದಲ್ಲಿ, ತುಮಕೂರಿನ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆಂದು ಕಾದು ನಿಂತವರ ಕೈಯಲ್ಲೂ ಅದೇ. ಜೊತೆಗೆ ಒಬ್ಬ ಮಗನೋ ಸೊಸೆಯೋ ಇರುತ್ತಾರೆ. ಅವರ ಆ ದಿನದ ಕೂಲಿ ಹೋಯಿತು.

ಇವರ ಮನಸ್ಸಿನಲ್ಲಿ ಹತ್ತಾರು ಪ್ರಶ್ನೆಗಳಿರುತ್ತವೆ. ವೈದ್ಯರ ಎದುರು ಕುಳಿತಾಗ ಅರ್ಧ ಮರೆತುಹೋಗುತ್ತವೆ, ಉಳಿದರ್ಧ ಕೇಳಲು ಸಂಕೋಚ. ಧೈರ್ಯ ಮಾಡಿ ಕೇಳಿದರೂ ಕೆಲವು ಪ್ರಶ್ನೆಗಳಿಗೆ ವೈದ್ಯರ ಬಳಿಯೂ ಉತ್ತರವಿಲ್ಲ. ಅದು ವೈದ್ಯರ ತಪ್ಪಲ್ಲ. ಆ ಪ್ರಶ್ನೆಯ ಮೇಲೆ ಯಾರೂ ಸರಿಯಾಗಿ ಸಂಶೋಧನೆಯನ್ನೇ ಮಾಡಿರುವುದಿಲ್ಲ. ಹಾಗಾದರೆ ಯಾವ ಕಾಯಿಲೆಯ ಬಗ್ಗೆ, ಯಾವ ಪ್ರಶ್ನೆಯ ಬಗ್ಗೆ ಸಂಶೋಧನೆ ನಡೆಯಬೇಕೆಂದು ನಿರ್ಧರಿಸುವವರು ಯಾರು? ಈ ಲೇಖನದಲ್ಲಿ ನಾವು ಓದುಗರ ಗಮನಕ್ಕೆ ತರಬಯಸುವುದು ಇದನ್ನೇ.

ಉದಾಹರಣೆಗೆ ತುಮಕೂರು ಜಿಲ್ಲೆಯನ್ನು ಆರಿಸಿಕೊಂಡಿದ್ದೇವೆ. ಅದು ನಮ್ಮ ಕರಾವಳಿಯದ್ದಲ್ಲ, ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. ಆದರೆ ಸಂಶೋಧನಾ ಸಂಸ್ಥೆಗಳಿಂದ ತುಂಬಿದ ಬೆಂಗಳೂರು ಅಲ್ಲಿಗೆ ಕೇವಲ 70 ಕಿಲೋಮೀಟರ್. ಅಷ್ಟು ಹತ್ತಿರದಲ್ಲಿದ್ದೂ ಸಾಮಾನ್ಯ ರೋಗಿಯ ಪ್ರಶ್ನೆ ಆ ಸಂಸ್ಥೆಗಳನ್ನು ತಲುಪುವುದು ಕಷ್ಟವಾದರೆ, ದೂರದ ಊರುಗಳ ಗತಿ ಊಹಿಸಬಹುದು.

ಪ್ರಶ್ನೆ ಆರಿಸುವವರು

ನಮ್ಮ ದೇಶದಲ್ಲಿ ವೈದ್ಯಕೀಯ ಸಂಶೋಧನೆಗೆ ದೀರ್ಘ ಇತಿಹಾಸವಿದೆ. ಇಂದಿನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1911ರಲ್ಲೇ ಬೇರೆ ಹೆಸರಿನಲ್ಲಿ ಆರಂಭವಾಯಿತು. ಸರ್ಕಾರದ ಹಣ, ವಿದೇಶಿ ಪ್ರತಿಷ್ಠಾನಗಳ ಹಣ, ಔಷಧ ಕಂಪನಿಗಳ ಹಣ, ಹೀಗೆ ಹಲವು ಮೂಲಗಳಿಂದ ಸಂಶೋಧನೆ ನಡೆಯುತ್ತದೆ. ಹಣ ಕೊಡುವವರಿಗೆ ಅವರದ್ದೇ ಆಸಕ್ತಿ, ಸಂಶೋಧಕರಿಗೆ ಅವರವರ ವಿಷಯದ ಮೇಲೆ ಒಲವು. ಎರಡೂ ಸಹಜವೇ.

ಆದ್ಯತೆಗಳನ್ನು ಕ್ರಮಬದ್ಧವಾಗಿ ಗುರುತಿಸುವ ಪ್ರಯತ್ನಗಳೂ ನಡೆದಿವೆ. ತಾಯಿ, ನವಜಾತ ಶಿಶು, ಮಕ್ಕಳ ಆರೋಗ್ಯ ಮತ್ತು ಪೌಷ್ಟಿಕತೆಯ ಬಗ್ಗೆ ಐಸಿಎಂಆರ್ ಮತ್ತು ಇನ್‌ಕ್ಲೆನ್ ಸಂಸ್ಥೆ ಸೇರಿ ನಡೆಸಿದ ಕಾರ್ಯದ ವರದಿ 2017ರಲ್ಲಿ ಪ್ರಕಟವಾಯಿತು. ದೇಶದ 256 ಸಂಸ್ಥೆಗಳ ತಜ್ಞರು 4000ಕ್ಕೂ ಹೆಚ್ಚು ಸಂಶೋಧನಾ ವಿಷಯಗಳನ್ನು ಸೂಚಿಸಿದ್ದರು. ಅದು ಸಣ್ಣ ಕೆಲಸವಲ್ಲ, ಮೆಚ್ಚಬೇಕಾದದ್ದು. ಆದರೆ ಸೂಚಿಸಿದವರು ತಜ್ಞರು. ಹೆರಿಗೆಯಾದ ತಾಯಿ, ಬಾಣಂತನ ಮಾಡಿದ ಅಜ್ಜಿ, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆ ತಾವೇ ಪ್ರಶ್ನೆ ಹಾಕುವಂಥ ಇನ್ನೊಂದು ಪಟ್ಟಿಯೂ ಅದರ ಪಕ್ಕದಲ್ಲಿರಬೇಕಲ್ಲವೇ?

'ನೈತಿಕ ಸಮಿತಿಗಳಲ್ಲಿ ಜನಸಾಮಾನ್ಯರಿಗೆ ಸ್ಥಾನವಿದೆಯಲ್ಲ' ಎಂದು ಕೆಲವರು ಹೇಳಬಹುದು. ನಿಜ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಮಂದಿ ಇರಬೇಕು, ಅವರಲ್ಲಿ ವೈದ್ಯಕೀಯ ಕ್ಷೇತ್ರಕ್ಕೆ ಸೇರದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ಆದರೆ ಯೋಜನೆ ಆ ಸಮಿತಿಯ ಮುಂದೆ ಬರುವ ಹೊತ್ತಿಗೆ ಪ್ರಶ್ನೆ ಯಾವುದೆಂದು ತೀರ್ಮಾನವಾಗಿಬಿಟ್ಟಿರುತ್ತದೆ. ಇದರಿಂದ ಜನರಿಗೆ ಅನ್ಯಾಯವಾಗದೇ ಎಂದು ಮಾತ್ರ ಅಲ್ಲಿ ನೋಡುತ್ತಾರೆ. ಇದಕ್ಕಿಂತ ತುರ್ತಾದ ಪ್ರಶ್ನೆ ಬೇರೆ ಇತ್ತೇ ಎಂದು ಕೇಳಲು ಅಲ್ಲಿ ಅವಕಾಶ ಕಡಿಮೆ. ಅಡುಗೆಯೆಲ್ಲ ಆದ ಮೇಲೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದ ಹಾಗೆ.

ಬೇರೆಡೆ ಕಂಡುಕೊಂಡ ದಾರಿ

ಇಂಗ್ಲೆಂಡಿನಲ್ಲಿ ಇದಕ್ಕೊಂದು ವಿಧಾನ ರೂಢಿಯಲ್ಲಿದೆ. 2004ರಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಒಕ್ಕೂಟ ಹುಟ್ಟಿತು. 1747ರಲ್ಲಿ ಹಡಗೊಂದರಲ್ಲಿ ಸ್ಕರ್ವಿ ರೋಗ ಬಂದ 12 ನಾವಿಕರಿಗೆ ಬೇರೆ ಬೇರೆ ಆಹಾರ ಮತ್ತು ಔಷಧ ಕೊಟ್ಟು ಹೋಲಿಸಿ ನೋಡಿದ ವೈದ್ಯ ಜೇಮ್ಸ್ ಲಿಂಡ್. ಕಿತ್ತಳೆ, ನಿಂಬೆ ತಿಂದವರು ಬೇಗ ಚೇತರಿಸಿಕೊಂಡರು. ಅವರ ಹೆಸರನ್ನೇ ಒಕ್ಕೂಟಕ್ಕೆ ಇಡಲಾಗಿದೆ.

ವಿಧಾನ ಸರಳ. ಒಂದು ಕಾಯಿಲೆಯನ್ನು ತೆಗೆದುಕೊಳ್ಳುತ್ತಾರೆ. ಆ ಕಾಯಿಲೆಯವರನ್ನು, ಅವರ ಆರೈಕೆ ಮಾಡುವ ಮನೆಯವರನ್ನು, ಚಿಕಿತ್ಸೆ ನೀಡುವ ವೈದ್ಯರು ಮತ್ತು ದಾದಿಯರನ್ನು 'ನಿಮಗೆ ಉತ್ತರ ಸಿಗದ ಪ್ರಶ್ನೆ ಯಾವುದು' ಎಂದು ಕೇಳುತ್ತಾರೆ. ಬಂದ ಪ್ರಶ್ನೆಗಳಲ್ಲಿ ಈಗಾಗಲೇ ಉತ್ತರವಿರುವುದನ್ನು ಬೇರ್ಪಡಿಸುತ್ತಾರೆ. ಉಳಿದವುಗಳಲ್ಲಿ ಮುಖ್ಯವಾದವನ್ನು ಆರಿಸಲು ಮತ್ತೆ ಜನರನ್ನು ಕೇಳುತ್ತಾರೆ. ಕೊನೆಗೆ ಮೂರೂ ಬಗೆಯವರು ಒಂದೆಡೆ ಕುಳಿತು ಮಾತನಾಡಿ 10 ಪ್ರಶ್ನೆಗಳ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯನ್ನು ಹಣ ಕೊಡುವವರ ಮುಂದಿಡುತ್ತಾರೆ.

ಇದರಿಂದ ಏನು ವ್ಯತ್ಯಾಸವಾಗುತ್ತದೆ? ಒಕ್ಕೂಟ ಹುಟ್ಟುವ ಮೊದಲೇ, 2000ದಲ್ಲಿ, ಮಂಡಿ ಸವೆತದ ಬಗ್ಗೆ ಬಂದ ಅಧ್ಯಯನವೊಂದು ಕಣ್ಣು ತೆರೆಸಿತ್ತು. ಸಂಶೋಧನೆಗಳಲ್ಲಿ ಹೆಚ್ಚಿನವು ಮಾತ್ರೆಗಳ ಬಗ್ಗೆ ಇದ್ದವು. ರೋಗಿಗಳಿಗೆ ಬೇಕಿದ್ದುದು ವ್ಯಾಯಾಮ, ಶಸ್ತ್ರಚಿಕಿತ್ಸೆ ಮತ್ತು ನೋವಿನೊಂದಿಗೆ ಬದುಕುವುದು ಹೇಗೆಂಬ ತಿಳಿವಳಿಕೆ. 2015ರಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆಯಲ್ಲಿ, ರೋಗಿಗಳು ಮತ್ತು ವೈದ್ಯರು ಸೇರಿ ಮಾಡಿದ ಪಟ್ಟಿಗಳಲ್ಲಿ ಔಷಧ, ಲಸಿಕೆಗಳಿಗೆ ಸಂಬಂಧಿಸಿದ್ದು ಶೇ. 18. ಕಂಪನಿಗಳು ನಡೆಸಿದ ಪ್ರಯೋಗಗಳಲ್ಲಿ ಅದು ಶೇ. 86. ಸ್ಕಿಜೋಫ್ರೇನಿಯಾ ಕಾಯಿಲೆಯ ಪಟ್ಟಿ ಮಾಡಿದಾಗ ಮಾತ್ರೆಯಿಂದ ತೂಕ ಏರುವುದು, ಕೆಲಸಕ್ಕೆ ಮರಳುವುದು ಮುಂತಾದ ವಿಷಯಗಳು ಮೇಲೆ ಬಂದವು. ಮನೆಯಲ್ಲಿ ಅಂಥ ರೋಗಿ ಇದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಸರ್ ಇಯಾನ್ ಚಾಲ್ಮರ್ಸ್ ಈ ಒಕ್ಕೂಟದ ಸ್ಥಾಪಕರಲ್ಲಿ ಒಬ್ಬರು. ಅವರು ಮತ್ತು ಪಾಲ್ ಗ್ಲಾಸಿಯೂ 2009ರಲ್ಲಿ ಬರೆದ ಲೇಖನದಲ್ಲಿ ವೈದ್ಯಕೀಯ ಸಂಶೋಧನೆಗೆ ಹಾಕಿದ ಹಣದಲ್ಲಿ ಶೇ. 85ರಷ್ಟು ವ್ಯರ್ಥವಾಗುತ್ತಿದೆ ಎಂದು ಅಂದಾಜಿಸಿದ್ದರು. ಅವರು ಕೊಟ್ಟ ಮೊದಲ ಕಾರಣವೇ ರೋಗಿಗಳಿಗೂ ವೈದ್ಯರಿಗೂ ಬೇಡವಾದ ಪ್ರಶ್ನೆಗಳನ್ನು ಆರಿಸುವುದು.

ತುಮಕೂರು, ಗುಬ್ಬಿ, ಕುಣಿಗಲ್‌ನಲ್ಲಿ ಕೇಳಿದರೆ?

ತುಮಕೂರು ಜಿಲ್ಲೆ ಸಂಶೋಧಕರಿಗೆ ಹೊಸದಲ್ಲ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆ 2009ರಿಂದ ಅಲ್ಲಿ ಜಿಲ್ಲೆ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗಳ ತರಬೇತಿಯಲ್ಲಿ ತೊಡಗಿಕೊಂಡು ಅದರ ಪರಿಣಾಮವನ್ನು ಅಧ್ಯಯನ ಮಾಡಿತು. ಮುಂದೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಗುವಂತೆ ಮಾಡುವುದು ಹೇಗೆ, ಅದರಲ್ಲಿ ಆರೋಗ್ಯ ರಕ್ಷಾ ಸಮಿತಿಗಳ ಪಾತ್ರವೇನು ಎಂಬುದನ್ನು ಜಿಲ್ಲೆಯ ಕೆಲವು ತಾಲ್ಲೂಕುಗಳಲ್ಲಿ ಪರಿಶೀಲಿಸಿತು. ಗುಬ್ಬಿ, ಕುಣಿಗಲ್ ಎರಡಕ್ಕೂ ತಾಗಿಕೊಂಡಿರುವ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತೀವ್ರ ಮಾನಸಿಕ ಕಾಯಿಲೆಯವರನ್ನು ಊರಿನಲ್ಲೇ ಗುರುತಿಸಿ, ಚಿಕಿತ್ಸೆ ಕೊಡಿಸಿ, ಅವರೊಂದಿಗೆ ಸಂಪರ್ಕ ಇಟ್ಟುಕೊಂಡು ಅಧ್ಯಯನ ನಡೆಸಿದೆ. ಇಂಥದೇ ಕೆಲಸ 2005ರಿಂದ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಡೆದಿದೆ.

ಇವು ಜನರ ಬದುಕಿಗೆ ಹತ್ತಿರವಾದ ಪ್ರಶ್ನೆಗಳು. ಮಾತ್ರೆ ಕಂಡುಹಿಡಿದರೆ ಸಾಲದು, ಅದು ಹಳ್ಳಿಯ ಕೇಂದ್ರದ ಕಪಾಟಿನಲ್ಲಿ ಇರಬೇಕು. ಇನ್ನು ಉಳಿದಿರುವುದು ಒಂದು ಹೆಜ್ಜೆ. ಪ್ರಶ್ನೆ ಆರಿಸುವ ದಿನವೇ ರೋಗಿಯೂ ಮನೆಯವರೂ ಜೊತೆಯಲ್ಲಿರಬೇಕು.

ಅವರು ಏನು ಕೇಳಬಹುದು? ಉತ್ತರವನ್ನು ನಾವೇ ಬರೆದುಬಿಟ್ಟರೆ ಈ ಲೇಖನದ ಉದ್ದೇಶಕ್ಕೇ ವಿರುದ್ಧವಾದೀತು. ಆದರೂ ಯಾವ ಬಗೆಯ ಪ್ರಶ್ನೆಗಳು ಎಂಬುದನ್ನು ಊಹಿಸಲು ಅಡ್ಡಿಯಿಲ್ಲ. ಗುಬ್ಬಿ ಸೀಮೆ ಅಡಿಕೆ, ತೆಂಗಿನ ನಾಡು. ಸುಗ್ಗಿಯಲ್ಲಿ ಹೆಂಗಸರು ದಿನವಿಡೀ ಕುಳಿತು ಅಡಿಕೆ ಸುಲಿಯುತ್ತಾರೆ. ಮಂಡಿ ನೋವಿಗೆ 'ಕೆಳಗೆ ಕೂರಬೇಡಿ' ಎಂಬ ಸಲಹೆ ಸಿಗುತ್ತದೆ. ಕೂರದಿದ್ದರೆ ಕೂಲಿ ಇಲ್ಲ. ಕೂತು ದುಡಿಯುತ್ತಲೇ ನೋವು ತಗ್ಗಿಸುವ ದಾರಿ ಯಾವುದು ಎಂಬುದು ಆಕೆಯ ಪ್ರಶ್ನೆ. ಮೂರು ಹೊತ್ತೂ ರಾಗಿಮುದ್ದೆ ಉಣ್ಣುವ ರೈತನಿಗೆ ಸಕ್ಕರೆ ಕಾಯಿಲೆ ಬಂದರೆ, ಬಿಸಿಲಿನಲ್ಲಿ ದುಡಿಯುವ ದಿನ ಎಷ್ಟು ಉಣ್ಣಬೇಕು, ಮಾತ್ರೆಯನ್ನು ಯಾವಾಗ ನುಂಗಬೇಕು ಎಂಬುದು ಪ್ರಶ್ನೆ. ಮಾನಸಿಕ ಕಾಯಿಲೆಯ ಮಗನನ್ನು ನೋಡಿಕೊಳ್ಳುವ ತಾಯಿಗೆ ತನ್ನ ಕಾಲದ ನಂತರ ಅವನ ಗತಿಯೇನು ಎಂಬ ಚಿಂತೆ. ಲಕ್ವ ಹೊಡೆದ ಅತ್ತೆಯನ್ನು ಎತ್ತಿ ಕೂರಿಸಿ ಬೆನ್ನು ಮುರಿದುಕೊಂಡ ಸೊಸೆಗೆ ತನ್ನ ಬೆನ್ನಿನ ಚಿಂತೆ. ಆಕೆಯ ಹೆಸರು ಯಾವ ಆಸ್ಪತ್ರೆಯ ಚೀಟಿಯಲ್ಲೂ ಇರುವುದಿಲ್ಲ, ಏಕೆಂದರೆ ಆಕೆ ರೋಗಿಯಲ್ಲ.

ವೈದ್ಯರಿಗೂ ಅವರದ್ದೇ ಪ್ರಶ್ನೆಗಳಿವೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಇರುವ ವೈದ್ಯಾಧಿಕಾರಿ, ಹೊತ್ತಿಲ್ಲದ ಹೊತ್ತಿನಲ್ಲಿ ಕರೆ ಬರುವ ದಾದಿ, ಇವರಿಗೆ ದೊಡ್ಡಾಸ್ಪತ್ರೆಯ ಪ್ರಾಧ್ಯಾಪಕರಿಗೆ ಕಾಣದ್ದು ಕಾಣುತ್ತದೆ. ಅವರನ್ನೂ ಯಾರೂ ಕೇಳುವುದಿಲ್ಲ.

ಕೆಲವು ಪ್ರಶ್ನೆಗಳು ಪ್ರಾಣದ ಪ್ರಶ್ನೆಗಳು. 2022ರ ನವೆಂಬರ್ ತಿಂಗಳಲ್ಲಿ ತುಮಕೂರು ನಗರದಲ್ಲಿ ತುಂಬು ಗರ್ಭಿಣಿಯೊಬ್ಬರು ಮನೆಯಲ್ಲೇ ಅವಳಿ ಮಕ್ಕಳಿಗೆ ಜನ್ಮ ನೀಡಿ ಮಕ್ಕಳೊಂದಿಗೆ ಅಸುನೀಗಿದ ಘಟನೆ ನಾಡನ್ನೇ ಕಲಕಿತ್ತು. ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಸರ್ಕಾರಿ ಆಸ್ಪತ್ರೆಯಿಂದ ಅವರನ್ನು ವಾಪಸ್ ಕಳುಹಿಸಲಾಯಿತೆಂಬ ಆರೋಪ ಕೇಳಿಬಂತು, ಸಿಬ್ಬಂದಿ ಅಮಾನತುಗೊಂಡರು. ಅಮಾನತಿನೊಂದಿಗೆ ಸುದ್ದಿ ಮುಗಿಯುತ್ತದೆ. ಆದರೆ ಕಾಗದವಿಲ್ಲದ ಬಡವರು ಆಸ್ಪತ್ರೆಯ ಬಾಗಿಲಿನಿಂದ ಎಷ್ಟು ಸಲ ಹಿಂದಿರುಗುತ್ತಾರೆ, ಆಮೇಲೆ ಎಲ್ಲಿಗೆ ಹೋಗುತ್ತಾರೆ, ಬಾಗಿಲಲ್ಲಿ ನಿಂತ ಸಿಬ್ಬಂದಿಯ ಮೇಲೆ ಯಾವ ಒತ್ತಡವಿರುತ್ತದೆ ಎಂಬುದೂ ಸಂಶೋಧನೆಗೆ ಯೋಗ್ಯವಾದ ಪ್ರಶ್ನೆಯೇ. ಅದನ್ನು ಮೊದಲು ಕೇಳಬಲ್ಲವರು ಆ ಬಾಗಿಲಲ್ಲಿ ಒಮ್ಮೆ ನಿಂತವರು.

ನಮ್ಮ ಕರಾವಳಿ ಕಲಿತ ಪಾಠ

ಜನರ ಪ್ರಶ್ನೆಗೆ ಕಿವಿಗೊಡದಿದ್ದರೆ ಏನಾಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೆಳಗಿನ ಊರುಗಳಲ್ಲಿ ಏಕೆ ಇಷ್ಟು ಮಕ್ಕಳು ಅಂಗವೈಕಲ್ಯದಿಂದ ಹುಟ್ಟುತ್ತಿದ್ದಾರೆ, ಏಕೆ ಇಷ್ಟು ಜನರಿಗೆ ವಿಚಿತ್ರ ಕಾಯಿಲೆಗಳು ಎಂಬ ಪ್ರಶ್ನೆ ಯಾವ ಪ್ರಯೋಗಾಲಯದಲ್ಲೂ ಹುಟ್ಟಲಿಲ್ಲ. ಅದು ಹುಟ್ಟಿದ್ದು ಮನೆಗಳಲ್ಲಿ ಮತ್ತು ಪಡ್ರೆಯ ಹಳ್ಳಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರ ಚಿಕಿತ್ಸಾಲಯದಲ್ಲಿ. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಗೆ ಬಂದು ಅಧ್ಯಯನ ನಡೆಸಿದ್ದು 2001ರಲ್ಲಿ. ದೇಶದಲ್ಲಿ ಎಂಡೋಸಲ್ಫಾನ್ ಬಳಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ನಮ್ಮ ಬೆಳ್ತಂಗಡಿಯ ಕೊಕ್ಕಡದ ಮನೆಗಳಲ್ಲಿ ಅದರ ನೋವು ಈಗಲೂ ಇದೆ.

ರೋಗಿ, ಆರೈಕೆ ಮಾಡುವ ತಾಯಿ, ಹತ್ತಿರದ ವೈದ್ಯ, ಈ ಮೂವರೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಕೇಳಿಸಿಕೊಳ್ಳುವ ವ್ಯವಸ್ಥೆ ಇದ್ದಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು, ಎಷ್ಟು ಮಕ್ಕಳು ಉಳಿಯುತ್ತಿದ್ದರು!

ಎಚ್ಚರಿಕೆಯ ಮಾತುಗಳು

ಇದರಲ್ಲಿ ತೊಡಕುಗಳೂ ಇವೆ. 'ಓದು ಬಾರದ ರೋಗಿಗೆ ವಿಜ್ಞಾನ ಏನು ತಿಳಿದೀತು?' ಎಂಬುದು ಮೊದಲ ಆಕ್ಷೇಪ. ಪ್ರಯೋಗವನ್ನು ಹೇಗೆ ನಡೆಸಬೇಕೆಂದು ಯಾರೂ ರೋಗಿಯನ್ನು ಕೇಳುತ್ತಿಲ್ಲ. ಅದು ಸಂಶೋಧಕರ ಕೆಲಸ. ನೋವು ಎಲ್ಲಿ, ಯಾವ ತೊಂದರೆಗೆ ಮೊದಲು ಪರಿಹಾರ ಬೇಕು ಎಂದು ಹೇಳಲು ಪದವಿ ಬೇಕಿಲ್ಲ. ವಿರಳ ಕಾಯಿಲೆಗಳು, ಪ್ರಯೋಗಾಲಯದ ಮೂಲ ಸಂಶೋಧನೆಗಳು ಜನಪ್ರಿಯ ಪಟ್ಟಿಯಲ್ಲಿ ಬಾರದೆ ಹೋಗಬಹುದು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯವಿದೆ. ಆದ್ದರಿಂದ ತಜ್ಞರ ಪಟ್ಟಿಯನ್ನು ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. ಎರಡೂ ಇರಲಿ.

ಮೂರನೆಯದು ನಮಗೆ ಹೆಚ್ಚು ಭಯ ಹುಟ್ಟಿಸುವಂಥದ್ದು. ಸಭೆ ಕರೆದರೆ ಮಾತನಾಡುವವರು ಯಾರು? ಊರಿನ ಪ್ರಮುಖರು, ಗಂಡಸರು, ಓದಿದವರು. ಸೊಸೆ ಬಾಗಿಲ ಹಿಂದೆ ನಿಂತಿರುತ್ತಾಳೆ. ದಲಿತ ಕೇರಿಯಿಂದ, ಗೊಲ್ಲರಹಟ್ಟಿಯಿಂದ ಬಂದವರು ಹಿಂದಿನ ಸಾಲಿನಲ್ಲಿ ಕುಳಿತು ಹೊರಟುಹೋಗುತ್ತಾರೆ. ಹೆಬ್ಬೆಟ್ಟು ಒತ್ತಿಸಿಕೊಂಡು 'ಜನರನ್ನು ಕೇಳಿದೆವು' ಎಂದು ವರದಿ ಬರೆಯುವುದು ಸುಲಭ. ಹಾಗೆ ಆಗುವುದಾದರೆ ಕೇಳದಿರುವುದೇ ಲೇಸು. ಕೇಳುವವರು ಅವರ ಮನೆಗೆ ಹೋಗಬೇಕು, ಅವರ ಭಾಷೆಯಲ್ಲಿ ಕೇಳಬೇಕು, ಆ ದಿನದ ಕೂಲಿಯನ್ನು ತುಂಬಿಕೊಡಬೇಕು, ಕೊನೆಗೆ ಏನಾಯಿತೆಂದು ಮರಳಿ ಬಂದು ಹೇಳಬೇಕು. ಸಂಶೋಧನೆಯೆಂದರೆ ನಾಳೆಯೇ ಔಷಧ ಬರುತ್ತದೆಂಬ ಸುಳ್ಳು ಭರವಸೆಯನ್ನೂ ಕೊಡಬಾರದು.

ಧರ್ಮಸಭೆ ಏನು ಮಾಡಬಹುದು?

ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬಾರ್ತಿಮಾಯನ ಪ್ರಸಂಗವಿದೆ. ಜೆರಿಕೋ ಪಟ್ಟಣದ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ಯೇಸುವನ್ನು ಕೂಗಿ ಕರೆದಾಗ ಜನ ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದರು. ಪ್ರಭು ನಿಂತರು, ಅವನನ್ನು ಕರೆಸಿದರು. ಅವನು ಕುರುಡನೆಂದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಆದರೂ ಗುಣಪಡಿಸುವ ಮೊದಲು, ತನ್ನಿಂದ ಅವನಿಗೆ ಏನಾಗಬೇಕೆಂದು ಪ್ರಭು ಅವನನ್ನೇ ಕೇಳಿದರು. ದೇವಪುತ್ರರೇ ಹಾಗೆ ಕೇಳಿರುವಾಗ ನಾವು ಕೇಳದೆ ತೀರ್ಮಾನಿಸುವುದು ಹೇಗೆ?

ಆರೋಗ್ಯ ಸೇವೆಯಲ್ಲಿ ಧರ್ಮಸಭೆಯ ಪಾಲು ಸಣ್ಣದಲ್ಲ. ಕಂಕನಾಡಿಯಲ್ಲಿ ವಂದನೀಯ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ ಸೇವೆ ಇಂದು ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಸಿಸ್ಟರ್ ಡಾ. ಮೇರಿ ಗ್ಲೌರಿ 1943ರಲ್ಲಿ ಹುಟ್ಟುಹಾಕಿದ ಸಂಘಟನೆ ಈಗಿನ ಭಾರತ ಕಥೋಲಿಕ ಆರೋಗ್ಯ ಸಂಘ. ಧರ್ಮಾಧ್ಯಕ್ಷರ ಮಂಡಳಿಯ ಸಂತ ಜಾನರ ವೈದ್ಯಕೀಯ ಕಾಲೇಜು 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು, ಅದಕ್ಕೆ ತನ್ನದೇ ಸಂಶೋಧನಾ ಸಂಸ್ಥೆಯೂ ಇದೆ. ಅಂದರೆ ಪ್ರಶ್ನೆ ಆರಿಸುವ ಅಧಿಕಾರದಲ್ಲಿ ಒಂದು ಪಾಲು ನಮ್ಮವರ ಕೈಯಲ್ಲೇ ಇದೆ. ನಮ್ಮ ಸಂಸ್ಥೆಗಳು ಮುಂದಿನ ಸಂಶೋಧನೆಗೆ ವಿಷಯ ಆರಿಸುವಾಗ ರೋಗಿಗಳು, ಮನೆಯವರು, ಹಳ್ಳಿಯ ದಾದಿಯರನ್ನು ತಜ್ಞರೊಂದಿಗೆ ಒಂದೇ ಪಂಕ್ತಿಯಲ್ಲಿ ಕೂರಿಸಿಕೊಳ್ಳಲಿ ಎಂಬುದು ನಮ್ಮ ವಿನಂತಿ.

ಧರ್ಮಕೇಂದ್ರದ ಮಟ್ಟದಲ್ಲೂ ಕೆಲಸವಿದೆ. ಮನೆಯಲ್ಲೇ ಇರುವ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವವರು, ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು, ವಾಳೆಯ ಗುರ್ಕಾರರು, ಧರ್ಮಭಗಿನಿಯರು ಯಾವ ಸಂಶೋಧಕನೂ ಹೋಗಲಾರದ ಮನೆಯೊಳಗೆ ಹೋಗುತ್ತಾರೆ. ಹೋದಾಗ ರೋಗಿಯನ್ನೂ, ನೋಡಿಕೊಳ್ಳುವವರನ್ನೂ ಬೇರೆ ಬೇರೆಯಾಗಿ ಒಂದು ಮಾತು ಕೇಳಿರಿ: ನಿಮಗೆ ಉತ್ತರ ಸಿಗದ ಪ್ರಶ್ನೆ ಯಾವುದು? ಹೆಸರು ಬರೆಯದೆ ಪ್ರಶ್ನೆಯನ್ನು ಮಾತ್ರ ಬರೆದಿಡಿ. ವರ್ಷಕ್ಕೊಮ್ಮೆ, ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು, ಅವನ್ನು ಒಟ್ಟುಗೂಡಿಸಿ ಹತ್ತಿರದ ವೈದ್ಯರು, ದಾದಿಯರೊಂದಿಗೆ ಕುಳಿತು ನೋಡಿರಿ. ಎಷ್ಟೋ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ, ಆ ಮನೆಗೆ ಅದೇ ದೊಡ್ಡ ಉಪಕಾರ. ಉತ್ತರ ಸಿಗದವುಗಳನ್ನು ನಮ್ಮ ವೈದ್ಯಕೀಯ ಕಾಲೇಜುಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಮಿತಿಗೆ ಬರಹದಲ್ಲಿ ಕೊಡಿರಿ. ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ತುಮಕೂರಿನ ಕಡೆಯ ಧರ್ಮಕೇಂದ್ರಗಳೂ ಹೀಗೆ ಮಾಡಿದರೆ ಕರಾವಳಿಯ ಪಟ್ಟಿಯನ್ನೂ ಬಯಲುಸೀಮೆಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಸಾಕು. ಮುಂದಿನ ಬಾರಿ ಬೆಂಗಳೂರಿನ ಬಸ್ಸಿನಲ್ಲಿ ನಿಮ್ಮ ಪಕ್ಕ ಎಕ್ಸ್‌ರೇ ಲಕೋಟೆ ಹಿಡಿದವರು ಕುಳಿತಿದ್ದರೆ, ಕಾಯಿಲೆ ಏನೆಂದು ಕೇಳಿ ಸುಮ್ಮನಾಗಬೇಡಿ. ವೈದ್ಯರನ್ನು ಏನು ಕೇಳಬೇಕೆಂದಿದ್ದೀರಿ ಎಂದೂ ಕೇಳಿ ನೋಡಿರಿ. ಕುಣಿಗಲ್‌ನಿಂದ ಬೆಂಗಳೂರಿನವರೆಗೂ ಅವರು ಮಾತನಾಡಿಯಾರು.